ಕಡ್ಡಿ ಎಳೆದು ನೋಡುವ ಅಮಾವಾಸ್ಯೆ

ಮೊನ್ನೆ ಮುಂಜಾನೆ ನಮ್ಮ ಮನೆಯ ಮುಂದಿನ ಫರಸಿಗಲ್ಲಿನ ಮೇಲೆ ಒಂದು ಕರಿ ಕಲೆ ಕಂಡಿತು. ಅಂಗೈಯಗಲ ಇದ್ದೀತು. ನಾನು ಮೊದಲು ಸಂಶಯಪಟ್ಟದ್ದು ಎದುರು ಮನೆಯವರ ಮೇಲೆ. ಅವರ ಬೀಗರು ಬಂದಾಗಲೆಲ್ಲ ಗಾಡಿಯನ್ನು ನಮ್ಮ ಬಾಗಿಲಿಗೇ ನಿಲ್ಲಿಸಿ ಹೋಗುತ್ತಾರೆ. ಆಮೇಲೆ ಹಾಲಿನವನ ಮೋಟಾರ್ ಸೈಕಲ್ಲಿನ ಮೇಲೆ ಸಂಶಯ ಬಂತು. ಕಲೆಯ ನೆತ್ತಿಗೆ ಸರಿಯಾಗಿ ನಿಂತಿದ್ದದ್ದು ನನ್ನ ಕಾರು. ಅದರ ಮೇಲೆ ಸಂಶಯ ಬಂದದ್ದು ಮಾತ್ರ ಕಟ್ಟಕಡೆಗೆ. ಬಗ್ಗಿ ಬೆರಳು ಒತ್ತಿ ಮೂಗಿಗೆ ಹಿಡಿದೆ. ಸುಟ್ಟ ಆಯಿಲಿನ ವಾಸನೆ. ಹೆಬ್ಬೆರಳಿನಿಂದ ತಿಕ್ಕಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ಕಡೆಗೆ ಹಳೆಯ ಪೇಪರಿಗೆ ಒರೆಸಿ ಅದು ಹೇಗೆ ಹರಡುತ್ತದೆಂದು ಕಾದು ಕೂತೆ. ಒಳಗಿನಿಂದ ನನ್ನ ಗಂಡ ಕೂಗಿದ: "ಏನ್ ಮಾಡಾಕತ್ತೀ ಅಲ್ಲಿ, ರಂಗೋಲಿ ಹಾಕಾಕತ್ತೀಯೇನು?"

ಕಾರು ಹಳೆಯದು. ನಮ್ಮ ಕೈಗೆ ಬರುವಾಗಲೇ ಅದಕ್ಕೆ ಒಂದು ಸಂಸಾರ ಮುಗಿದಿತ್ತು. ಇಂಥ ಗಾಡಿಗೆ ಎಷ್ಟು ದಿನಕ್ಕೊಮ್ಮೆ ಆಯಿಲ್ ಬದಲಿಸಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರ ಎರಡು ಬಾಯಿಂದ ಬಂದದ್ದನ್ನು ನಾನು ಇದುವರೆಗೆ ಕೇಳಿಲ್ಲ. ಸರ್ವಿಸ್ ಸೆಂಟರಿನವರು ಬೇಗ ಬೇಗ ಬದಲಿಸಿ ಅನ್ನುತ್ತಾರೆ, ಅವರು ಆಯಿಲ್ ಮಾರುವವರು. ಗಂಡ "ಇನ್ನಾ ನಡೀತದ ತಗೋ" ಅನ್ನುತ್ತಾನೆ, ಅವನು ರೊಕ್ಕ ಕೊಡುವವನು. ಗಾಡಿಯ ಜೊತೆ ಬಂದ ಪುಸ್ತಕ ತನ್ನದೇ ಒಂದು ಲೆಕ್ಕ ಹೇಳುತ್ತದೆ. ಆದರೆ ಅದನ್ನು ಬರೆದವನು ಬೇಸಿಗೆಯಲ್ಲಿ ಮಳಖೇಡದಿಂದ ಸೇಡಂವರೆಗೆ ಸಿಮೆಂಟಿನ ಲಾರಿಗಳ ಹಿಂದೆ ಒಂದು ಸಲವೂ ಬಂದಿಲ್ಲವೆಂದು ನಾನು ಆಣೆ ಮಾಡಿ ಹೇಳಬಲ್ಲೆ. ನೀವು ನನ್ನನ್ನು ವಿಚಿತ್ರ ಹೆಂಗಸು ಅಂದುಕೊಳ್ಳಬಹುದು. ಕಾಲೇಜಿನಲ್ಲಿ ಪಾಠ ಹೇಳುವವಳು, ಹೀಗೆ ಆಯಿಲಿನ ಹನಿ ಮೂಸುತ್ತ ಕೂರುವುದೆಂದರೇನು? ಏನು ಮಾಡಲಿ, ನಾನು ಹುಟ್ಟಿದ ಮನೆಯಲ್ಲಿ ಮಕ್ಕಳಿಗೆ ಮಗ್ಗಿ ಬರುವುದಕ್ಕೆ ಮೊದಲು ಸಂಶಯ ಬರುತ್ತಿತ್ತು. ಅದನ್ನು ಹೇಳಬೇಕೆಂದರೆ ಜೀಪಿನ ಕಥೆ ಹೇಳಬೇಕು.

ಜೀಪು ನಮ್ಮ ಮುತ್ಯಾನದು, ಅಂದರೆ ಅಪ್ಪನ ಅಪ್ಪನದು. ಆಡಕಿಯಲ್ಲಿ ಹೊಲ ಮಾಡಿಕೊಂಡಿದ್ದ ಮುತ್ಯಾ ತೀರಿಕೊಂಡ ಮೇಲೆ ಇಬ್ಬರು ಮಕ್ಕಳು ಆಸ್ತಿ ಹಂಚಿಕೊಂಡರು. ದೊಡ್ಡವನು ನಮ್ಮಪ್ಪ, ಸೇಡಂನಲ್ಲಿ ಪೈಪು ಮೋಟಾರುಗಳ ಅಂಗಡಿ ಇಟ್ಟಿದ್ದ. ಸಣ್ಣವನು ಕಾಕಾ, ವಾಡಿಯಲ್ಲಿ ನೆಲಕ್ಕೆ ಹಾಸುವ ಫರಸಿಗಲ್ಲಿನ ವ್ಯಾಪಾರ ಮಾಡಿಕೊಂಡಿದ್ದ. ಹಂಚಿಕೆಯ ದಿನ ಬಾವಿಯ ನೀರು ಯಾರಿಗೆ ಯಾವ ವಾರ ಎಂಬಲ್ಲಿ ಮಾತು ಶುರುವಾಗಿ, ಯಾರ ಮದುವೆಗೆ ಯಾರು ಎಷ್ಟು ಕಡಿಮೆ ಬಂಗಾರ ಹಾಕಿದರು ಎಂಬಲ್ಲಿಗೆ ಹೋಗಿ, ಅಣ್ಣತಮ್ಮ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಆ ದಿನದಿಂದ ಇಬ್ಬರಿಗೂ ಮಾತು ಬಂದ್. ಉಳಿದದ್ದು ಜೀಪು ಒಂದೇ. ಅದನ್ನು ಮಾರಿ ರೊಕ್ಕ ಹಂಚಿಕೊಳ್ಳಲಿ ಎಂದು ಪಂಚರು ಹೇಳುವಾಗ ಅಲ್ಲಿಯ ತನಕ ಸುಮ್ಮನಿದ್ದ ಆಯಿ ಬಾಯಿ ತೆರೆದಳು. ಆಯಿ ಎಂದರೆ ಅಪ್ಪನ ಅವ್ವ.

"ಹೊಲ ಹಂಚ್ಕೊಂಡ್ರಿ, ಹಂಡೆ ಹಂಚ್ಕೊಂಡ್ರಿ. ಜೀಪ್ ಮಾರಂಗಿಲ್ಲ. ಒಂದ್ ಅಮಾಸಿಯಿಂದ ಇನ್ನೊಂದ್ ಅಮಾಸಿ ತನಕ ಸಣ್ಣವನ ಬಲ್ಲಿ ಇರ್ಲಿ, ಮುಂದಿನ ಅಮಾಸಿ ತನಕ ದೊಡ್ಡವನ ಬಲ್ಲಿ ಇರ್ಲಿ. ಕೀಲಿ ನನ್ನ ಕೈಯಾಗ ಕೊಟ್ಟು ನನ್ನ ಕೈಯಿಂದ ತಗೋಬೇಕು."

"ಒಂದ್ ಗಾಡಿಗಿ ಇಬ್ರು ಮಾಲಕ್ರಾದ್ರ ಗಾಡಿ ಹಾಳಾಗ್ತದ್ರಿ ಆಯಿ," ಎಂದರು ಪಂಚರಲ್ಲೊಬ್ಬರು.

"ಹಾಳಾಗ್ಲಿ. ಒಬ್ರ ಮಾರಿ ಒಬ್ರು ತಿಂಗ್ಳಿಗೊಮ್ಮಿ ನೋಡ್ಲಿ."

ಆಯಿ ಅಂದೇ ಸಂಜೆ ನನ್ನ ತಲೆ ಬಾಚುತ್ತ ಇನ್ನೂ ಬಿಡಿಸಿ ಹೇಳಿದಳು: "ಈ ಗಾಡಿ ಓಡೋ ತನಕ ನಿಮ್ಮ ಕಾಕಾ ಈ ಮನಿಗಿ ಬರ್ತಾನ. ಗಾಡಿ ನಿಂತ ದಿನ ಇವ್ರಿಬ್ರ ಹೋಗಿಬರೂದೂ ನಿಂತಂಗ. ತಿಳೀತಿಲ್ಲ?" ನನಗೆ ಚೆನ್ನಾಗಿಯೇ ತಿಳಿಯಿತು. ಕಾಕಾ ನನಗೆ ಅಪ್ಪನಿಗಿಂತ ಹೆಚ್ಚು. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಆಮೇಲೆ ನಂಬದಿದ್ದವನು ಅವನೊಬ್ಬನೇ. ಅಪ್ಪ ಕೇಳುವ ಮೊದಲೇ ನಂಬುತ್ತಿರಲಿಲ್ಲ. ಅಂದಿನಿಂದ ಆ ಜೀಪಿನ ಆರೋಗ್ಯದ ಮೇಲೆ ನಾನೂ ಕಣ್ಣಿಟ್ಟೆ.

ನಮ್ಮ ಕಡೆ ಅಮಾವಾಸ್ಯೆ ಎಂದರೆ ಗಾಡಿಗಳ ಪೂಜೆ. ತೊಳೆದು, ವಿಭೂತಿ ಎಳೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಮುಂದೆ ತೆಂಗಿನಕಾಯಿ ಒಡೆಯುವುದು. ನಮ್ಮ ಮನೆಯಲ್ಲಿ ಇದಾದ ಮೇಲೆ ಇನ್ನೊಂದು ಪೂಜೆ ಇತ್ತು. ಕರ್ಪೂರ ಆರುವುದರೊಳಗೆ ಬಾನೆಟ್ ಎತ್ತಿ, ಎಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ, ಹೇಗಿದೆ ಎಂದು ನೋಡುವ ಕಡ್ಡಿ ಎಳೆಯುವುದು. ಗಾಡಿ ತಗೊಳ್ಳುವವನು ಎಳೆಯಬೇಕು, ಕೊಡುವವನು ನೋಡುತ್ತ ನಿಲ್ಲಬೇಕು. ಆಯಿ ಹೊರಸಿನ ಮೇಲೆ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿರುತ್ತಿದ್ದಳು. ದೇವರ ಕಡೆ ಯಾರ ಲಕ್ಷ್ಯವೂ ಇರುತ್ತಿರಲಿಲ್ಲ.

ಮೊದಲನೆಯ ಅಮಾವಾಸ್ಯೆ ನನಗೆ ಚೆನ್ನಾಗಿ ನೆನಪಿದೆ. ಕಾಕಾ ವಾಡಿಯಿಂದ ಜೀಪು ತಂದಿದ್ದ. ಅಪ್ಪ ಕಡ್ಡಿ ಎಳೆದು, ಬೆರಳಿಗೆ ಹಚ್ಚಿಕೊಂಡು, ಆಯಿಯ ಕಡೆ ತಿರುಗಿ ಕೇಳಿದ: "ಅವ್ವ, ಕೇಳು ಅವನಿಗಿ. ಇದು ಆಯಿಲೋ, ಡಾಂಬರೋ?"

ಕಾಕಾನೂ ಆಯಿಗೇ ಹೇಳಿದ: "ಅವ್ವ, ಹೇಳು ಅವನಿಗಿ. ಹೋದ ವಾರಾನೇ ಶಹಾಬಾದಿನ್ಯಾಗ ಬದಲಿ ಮಾಡ್ಸೀನಿ."

"ಹೋದ ವಾರ ಮಾಡ್ಸಿದ್ದು ಇಷ್ಟು ಕರ್ರಗ ಹ್ಯಾಂಗಾಗ್ತದ ಅಂತ ಕೇಳವ್ವ."

"ನನಗೇನ್ ತಿಳೀತದ ನಿಮ್ಮ ಆಯಿಲ್ ಗೀಯಿಲ್?" ಎಂದಳು ಆಯಿ. "ನೀವ್ ನೀವೇ ಮಾತಾಡ್ರಿ." ಹಾಗೆಂದು ಎಲೆಯಡಿಕೆ ಚೀಲ ಬಿಚ್ಚಿದಳು.

ಆಯಿಲಿನ ಮೇಲೆ ಜಗಳಾಡಬೇಕಾದರೆ ಒಬ್ಬರೊಡನೊಬ್ಬರು ಮಾತಾಡಲೇಬೇಕು, ನಡುವೆ ಒಬ್ಬ ಮುದುಕಿಯನ್ನು ಇಟ್ಟುಕೊಂಡು ಎಷ್ಟಂತ ಆಡಲು ಬರುತ್ತದೆ? "ನೀ ನನಗ ಸುಳ್ಳ ಅಂತೀಯೇನು?" ಎಂದು ಕಾಕಾ ನೇರವಾಗಿ ಕೇಳಿದ. "ಅಂತೀನಿ," ಎಂದ ಅಪ್ಪ. ಹಂಚಿಕೆಯ ದಿನದಿಂದೀಚೆ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಇದು. ಆಯಿ ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ, ಆದರೆ ಅವಳ ಮುಖ ನೋಡಿದವರಿಗೆ ಅವಳು ಗೆದ್ದಳೆಂದು ಗೊತ್ತಾಗುತ್ತಿತ್ತು.

ಈಗ ನಿಮಗೆ ಒಂದು ಮಾತು ಹೇಳಿಬಿಡುತ್ತೇನೆ. ಡೀಸೆಲ್ ಎಂಜಿನ್ನಿನ ಗುಣವೇ ಹಾಗೆ. ಜೇನಿನ ಬಣ್ಣದ ಹೊಸ ಆಯಿಲ್ ಹಾಕಿ ಒಂದಿಷ್ಟು ದೂರ ಓಡಿಸಿದರೆ ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಅಂದರೆ ಕಾಕಾ ನಿಜವಾಗಿಯೂ ಬದಲಿಸಿದ್ದಿರಬೇಕು. ಮುಂದಿನ ಅಮಾವಾಸ್ಯೆಗೆ ಅಪ್ಪ ಕೊಟ್ಟಾಗ ಕಾಕಾ ಕಡ್ಡಿ ಎಳೆದು ಅದೇ ಡಾಂಬರಿನ ಮಾತು ಹೇಳಿದನಲ್ಲ, ಆಗ ಅಪ್ಪನೂ ಬದಲಿಸಿಯೇ ಇದ್ದ. ಸೇಡಂನಲ್ಲಿ ನಮ್ಮ ಗಾಡಿ ನೋಡುತ್ತಿದ್ದ ಮಿಸ್ತ್ರಿ ಇದನ್ನು ಅಪ್ಪನಿಗೆ ಹೇಳಿಯೂ ಹೇಳಿದ: "ಡೀಸೆಲ್ ಗಾಡಿ ಅದ್ರಿ ಸಾವ್ಕಾರ್ರ, ಕರ್ರಗಾಗೂದೇ." ಅಪ್ಪ ಮನೆಗೆ ಬಂದು ನಮ್ಮವ್ವನ ಮುಂದೆ ದನಿ ತಗ್ಗಿಸಿದ. "ಈ ಮಿಸ್ತ್ರಿಗೂ ಅವನಿಗೂ ಏನೋ ಒಳಗಿಂದೊಳಗ ಅದ." ಮಿಸ್ತ್ರಿ ಕಾಕಾನನ್ನು ಬದುಕಿನಲ್ಲಿ ಒಂದು ಸಲವೂ ನೋಡಿರಲಿಲ್ಲ.

ಹೀಗೆ ಕಡ್ಡಿಯ ಮೇಲೆ ಭರವಸೆ ಹೋದಮೇಲೆ ಸಾಕ್ಷಿ ಬೇಕಾಯಿತು. ಆಯಿಲ್ ಬದಲಿಸಿದವನು ಖಾಲಿ ಡಬ್ಬಿಯನ್ನು ಅಮಾವಾಸ್ಯೆಗೆ ತಂದು ತೋರಿಸಬೇಕೆಂದು ಮಾತಾಯಿತು. ಖಾಲಿ ಡಬ್ಬಿಗಳಲ್ಲಿ ಯಾರೋ ಹಳೆಯ ಆಯಿಲ್ ಸೋಸಿ ತುಂಬಿ ಮತ್ತೆ ಮಾರುತ್ತಾರೆಂದು ಅಪ್ಪನಿಗೆ ಮೊದಲಿಂದಲೂ ಗುಮಾನಿ. ಅದಕ್ಕೆ ಅವನು ಡಬ್ಬಿ ಖಾಲಿಯಾದ ತಕ್ಷಣ ಮಿಸ್ತ್ರಿಯ ಮುಂದೆಯೇ ಮೊಳೆಯಿಂದ ತಳಕ್ಕೆ ತೂತು ಹೊಡೆದು ತರುತ್ತಿದ್ದ. ಕಾಕಾ ತೂತು ನೋಡಿದ. "ಇದೇನು, ತೂತ್ ಬಿದ್ದ ಡಬ್ಬಿ ಗುಜರಿಯಿಂದ ಎತ್ಕೊಂಡು ಬಂದೀಯೇನು?" ಎಂದ. ಅಪ್ಪನೋ, ಕಾಕಾ ತಂದ ಡಬ್ಬಿಗೆ ತೂತಿಲ್ಲವೆಂದು ಅದನ್ನು ಸಾಕ್ಷಿಯೆಂದು ಒಪ್ಪಲಿಲ್ಲ. ಅವ್ವ ಆ ಡಬ್ಬಿಗಳನ್ನು ಸುಮ್ಮನೆ ಬಿಸಾಕದೆ ಮೇಲಿನ ಭಾಗ ಕೊಯ್ದು ತುಳಸಿ, ಪುದೀನಾ ಹಚ್ಚಿದಳು. ಅಪ್ಪನವಕ್ಕೆ ನೀರು ಇಳಿಯಲು ತೂತು ಮೊದಲೇ ಇರುತ್ತಿತ್ತಲ್ಲ, ಅವುಗಳಲ್ಲಿ ಪುದೀನಾ ಚೆನ್ನಾಗಿ ಬರುತ್ತಿತ್ತು.

ಜೀಪಿಗೆ ವಯಸ್ಸಾಗುತ್ತ ಹೋಯಿತು. ಮೀಟರು ಎಂದೋ ನಿಂತು ಎಷ್ಟು ಓಡಿತೆಂಬ ಲೆಕ್ಕವೇ ಸಿಗದಂತಾಯಿತು. ಅದರ ವಾಯರ್ ಬೇಕಂತಲೇ ಕಿತ್ತದ್ದೆಂದು ಇಬ್ಬರೂ ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು. ಹಿಂದಿನಿಂದ ನೀಲಿ ಹೊಗೆ ಬರತೊಡಗಿತು. ಆಗ ಎದ್ದದ್ದೇ ದೊಡ್ಡ ವಾದ. ಹಳೆಯ ಗಾಡಿಗೆ ಆಯಿಲನ್ನು ಹೆಚ್ಚು ಸಲ ಬದಲಿಸಬೇಕೋ, ಕಡಿಮೆ ಸಲವೋ?

"ವಾಡಿ ಧೂಳಿನ್ಯಾಗ ಓಡಿದ ಗಾಡಿಗಿ ದೌಡ್ ದೌಡ್ ಬದಲಿ ಮಾಡ್ಬೇಕು," ಎಂಬುದು ಅಪ್ಪನ ಪಕ್ಷ. "ಸಿಮೆಂಟ್ ಒಳಗ ಹೋಗಿ ಕುಂದರ್ತದ. ಮ್ಯಾಲ ಮುದಿ ಗಾಡಿ. ಮುದುಕರಿಗೇ ಗುಳಿಗಿ ಜಾಸ್ತಿ ಬೇಕು."

"ಸೇಡಂ ಧೂಳು ಏನ್ ವಿಭೂತಿ ಏನಣ್ಣಾ?" ಎನ್ನುತ್ತಿದ್ದ ಕಾಕಾ. "ಮುದುಕರಿಗಿ ಊಟ ಬದಲಿ ಮಾಡಿದ್ರ ಹೊಟ್ಟಿ ಕೆಡ್ತದ. ಹಳೇ ಎಂಜಿನ್ನಿಗಿ ಹಳೇ ಆಯಿಲ್ಲೇ ಛಲೋ. ಹೊಸಾದು ತೆಳ್ಳಗಿರ್ತದ, ಸಂದಿ ಸಂದಿನ್ಯಾಗಿಂದ ಸೋರ್ತದ. ಹಳೇದು ದಪ್ಪಗ ಮೆತ್ಕೊಂಡು ಎಲ್ಲಾ ಹಿಡ್ದಿಟ್ಟಿರ್ತದ."

ಈ ವಾದ ಕೇಳಲು ಓಣಿಯ ಮಂದಿ ಸೇರುತ್ತಿದ್ದರು. ಆಯಿ ನಡುವೆ ಒಮ್ಮೆ "ಚಹಾ ಆರಾಕತ್ತದ, ಕುಡ್ದು ಬೈದಾಡ್ರಿ" ಅನ್ನುತ್ತಿದ್ದಳು. ಬೈದಾಡುತ್ತಲೇ ಕಾಕಾ ಊಟಕ್ಕೆ ಕೂರುತ್ತಿದ್ದ. ಅವ್ವ ಅವನಿಗೆಂದೇ ಪುಂಡಿಪಲ್ಲೆ ಮಾಡಿರುತ್ತಿದ್ದಳು. ಅದು ಅಪ್ಪನಿಗೆ ಗೊತ್ತಿದ್ದೂ "ಇವತ್ತ ಯಾಕ ಪುಂಡಿಪಲ್ಲೆ?" ಎಂದು ಪ್ರತಿ ಸಲ ಸಂಶಯದಿಂದ ಕೇಳುತ್ತಿದ್ದ.

ಇನ್ನು ಒಳಗುಟ್ಟಿನ ವಿಷಯ. ತನ್ನ ಪಾಳಿ ಬಂದ ಅಮಾವಾಸ್ಯೆಯ ಮರುದಿನ ಮುಂಜಾನೆ ಅಪ್ಪ ಯಾರಿಗೂ ಹೇಳದೆ ಜೀಪನ್ನು ಮಿಸ್ತ್ರಿಯ ಬಳಿ ಒಯ್ದು ಇದ್ದ ಆಯಿಲನ್ನೆಲ್ಲ ತೆಗೆಸಿ ಹೊಸದು ಹಾಕಿಸುತ್ತಿದ್ದ. ತಮ್ಮ ಹಾಕಿಸಿದ್ದಾನೆಂದು ನಂಬಿ ಕೂತರೆ ಎಂಜಿನ್ ಹೋದೀತೆಂಬ ಭಯ. "ಹಂಗಾರ ಕಾಕಾಗ ಹೇಳಿಬಿಡು, ನೀ ಹಾಕಿಸ್ತಿ ಅಂತ," ಎಂದು ನಾನೊಮ್ಮೆ ಅಂದೆ. "ಹೇಳಿದ್ರ ಅವ ಹಾಕ್ಸೂದೇ ಬಿಡ್ತಾನ," ಎಂದ ಅಪ್ಪ. ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಕಾಲೇಜಿನ ರಜೆಯಲ್ಲಿ ನಾನು ವಾಡಿಗೆ ಹೋದಾಗ ಕಾಕಾ ನನಗೆ ಜೀಪು ನಡೆಸಲು ಕಲಿಸಿದ. ಚಿತ್ತಾಪುರದ ರಸ್ತೆಯಲ್ಲಿ, ಎದುರು ಲಾರಿ ಬಂದರೆ ನಾನು ಕಣ್ಣು ಮುಚ್ಚುತ್ತಿದ್ದೆ, ಕಾಕಾ ಕಣ್ಣು ಮುಚ್ಚದೆ ಸ್ಟೇರಿಂಗ್ ಹಿಡಿಯುತ್ತಿದ್ದ. ಒಂದು ದಿನ ಶಹಾಬಾದಿಗೆ ಹೋಗಿ ಅಲ್ಲಿನ ಮಿಸ್ತ್ರಿಯ ಮುಂದೆ ನಿಲ್ಲಿಸೆಂದ. ಅಮಾವಾಸ್ಯೆ ಮುಗಿದು ಇನ್ನೂ ಎರಡು ದಿನ ಆಗಿರಲಿಲ್ಲ. ಮಿಸ್ತ್ರಿ ಕೇಳದೆಯೇ ಗಾಡಿಯ ಕೆಳಗೆ ಬೋಗುಣಿ ಇಟ್ಟು ಆಯಿಲ್ ಬಿಟ್ಟ.

"ಕಾಕಾ, ಹಳೇ ಆಯಿಲ್ಲೇ ಛಲೋ ಅಂತಿದ್ದಿ?" ಎಂದು ಕೇಳಿದೆ.

ಕಾಕಾ ಸ್ವಲ್ಪವೂ ನಾಚಲಿಲ್ಲ. "ಹಳೇದು ಛಲೋ ಖರೆ. ಆದ್ರ ನಿಮ್ಮಪ್ಪ ಹಾಕಿದ್ದು ನಮ್ಮ ಗಾಡೀದೇ ಹಳೇದೋ, ಯಾವನೋ ಲಾರಿಯಿಂದ ತೆಗ್ದಿದ್ದೋ ಯಾರಿಗಿ ಗೊತ್ತು? ಅವನಿಗಿ ಹೇಳಬ್ಯಾಡ ಮತ್ತ. ಹೇಳಿದ್ರ ಅವ ಹಾಕ್ಸೂದೇ ಬಿಡ್ತಾನ."

ನಾನು ನಕ್ಕೆನೆಂದುಕೊಂಡಿರಾ? ಇಲ್ಲ. ಮಿಸ್ತ್ರಿ ಬಿಟ್ಟ ಆಯಿಲನ್ನು ಬೆರಳಿಗೆ ಹಚ್ಚಿ ನೋಡಿದೆ, ಅವನು ಅದನ್ನು ಎಲ್ಲಿಗೆ ಒಯ್ಯುತ್ತಾನೆಂದೂ ನೋಡಿದೆ. ಸೋಸಿ ತನ್ನ ಮೋಟಾರ್ ಸೈಕಲ್ಲಿಗೇ ಹಾಕಿಕೊಂಡ. ಹಾಕಿಕೊಳ್ಳದೆ ಏನು, ನಮ್ಮಪ್ಪ ಆಣೆ ಮಾಡಿ ಹಾಕಿಸಿದ ಹೊಸ ಆಯಿಲು ಅದು. ಒಬ್ಬರನ್ನೊಬ್ಬರು ನಂಬದ ಇಬ್ಬರ ನಡುವೆ ಆ ಮುದಿ ಜೀಪು ಸುತ್ತಲಿನ ತಾಲೂಕುಗಳಲ್ಲೇ ಎಲ್ಲಕ್ಕಿಂತ ಹೊಸ ಆಯಿಲ್ ಕುಡಿಯುವ ಗಾಡಿಯಾಗಿತ್ತು. ಹೊಗೆ ಬಿಡುತ್ತಿತ್ತು, ಕೆಮ್ಮುತ್ತಿತ್ತು, ಆದರೆ ಒಂದು ದಿನವೂ ನಿಲ್ಲಲಿಲ್ಲ.

ಸೇಡಂಗೆ ಬಂದು ಆಯಿಗೆ ಹೇಳಿದೆ. "ನನಗ ಗೊತ್ತದ," ಎಂದಳು. "ಅವನಿಗಿ ಇವನ ಮ್ಯಾಲ ಸಂಶಯ, ಇವನಿಗಿ ಅವನ ಮ್ಯಾಲ ಸಂಶಯ. ಗಾಡಿ ಹೊಟ್ಟಿ ತಂಪದ. ನೀ ನಡುವ ಬಾಯಿ ಹಾಕಬ್ಯಾಡ." ಹೀಗೆ ಎಷ್ಟೋ ಅಮಾವಾಸ್ಯೆಗಳು ಕಳೆದವು. ನನ್ನ ಓದು ಮುಗಿಯಿತು, ಕೆಲಸ ಸಿಕ್ಕಿತು.

ಆಮೇಲೆ ಆಯಿಗೆ ಆರಾಮ ತಪ್ಪಿತು. ಕಲಬುರಗಿಯ ಆಸ್ಪತ್ರೆಗೆ ಅವಳನ್ನು ಜೀಪಿನಲ್ಲೇ ಒಯ್ದರು, ಅಪ್ಪ ನಡೆಸಿದ, ಕಾಕಾ ಹಿಂದೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತು ಒಂದೇ ಕಪ್ಪಿನ ಚಹಾ ಹಂಚಿ ಕುಡಿದದ್ದನ್ನು ನಾನೇ ಕಂಡೆ. ಆಯಿ ಮನೆಗೆ ತಿರುಗಿ ಬರಲಿಲ್ಲ. ದಿನಕರ್ಮವೆಲ್ಲ ಮುಗಿದ ಮೇಲೆ ಅಪ್ಪ ಕಾಕಾನ ಹೆಗಲ ಮೇಲೆ ಕೈಯಿಟ್ಟು ಅತ್ತ. ಬಾವಿಯ ನೀರಿನ ಮಾತನ್ನು ಕಾಕಾನೇ ಎತ್ತಿ, "ಅದೆಲ್ಲಾ ನೀನೇ ತಗೋ ಅಣ್ಣಾ" ಎಂದ. ಎಲ್ಲರೂ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಆದರೆ ಇಷ್ಟು ವರ್ಷದ ಸಂಶಯ ಇಷ್ಟು ದೌಡಾಗಿ ಎಲ್ಲಿಗೆ ಹೋಯಿತು? ಇಷ್ಟು ಪ್ರೀತಿ ಎಲ್ಲಿಂದ ಬಂತು? ಅಣ್ಣತಮ್ಮ ಒಂದಾದರೆ ಅದರ ಮೇಲೂ ಸಂಶಯಪಟ್ಟ ಹೆಣ್ಣು ಮಗಳು ನಾನೊಬ್ಬಳೇ ಇರಬೇಕು.

ಮುಂದಿನ ಅಮಾವಾಸ್ಯೆ ಕಾಕಾ ಜೀಪು ತಂದ. ಪೂಜೆಯಾಯಿತು. ಅಪ್ಪ ಬಾನೆಟ್ಟಿನ ಕಡೆ ಹೋಗಲೇ ಇಲ್ಲ. ನಾನು ರೂಢಿಯಂತೆ ಹಳೆಯ ಬಟ್ಟೆ, ಪೇಪರು ತಂದಿದ್ದೆ. "ಬ್ಯಾಡ ಬಿಡು," ಎಂದ ಅಪ್ಪ. "ತಮ್ಮನ ಮ್ಯಾಲ ಭರೋಸಾ ಇಲ್ಲೇನು? ಹಾಕ್ಸಿರ್ತಾನ." ಅದರ ಮುಂದಿನ ಅಮಾವಾಸ್ಯೆ ಕಾಕಾನೂ ಕಡ್ಡಿ ಮುಟ್ಟಲಿಲ್ಲ. "ಅಣ್ಣ ನೋಡ್ಕೊಂಡಿರ್ತಾನ." ಯಾರು ಹೆಚ್ಚು ನಂಬುತ್ತಾರೆಂದು ಪಂದ್ಯ ಕಟ್ಟಿದವರ ಹಾಗೆ ಇಬ್ಬರೂ ಆಯಿಲಿನ ಹೆಸರೆತ್ತುವುದನ್ನೇ ಬಿಟ್ಟರು. ಮರುದಿನ ಮುಂಜಾನೆ ಮಿಸ್ತ್ರಿಯ ಬಳಿ ಹೋಗುವುದೂ ನಿಂತಿತು. "ಒಂದ್ಸಲ ನೋಡಪ್ಪ," ಎಂದು ನಾನು ಹೇಳಿದರೆ, "ಭಾಳ ಸಂಶಯ ಛಲೋ ಅಲ್ಲ" ಎಂದು ನನಗೇ ಬುದ್ಧಿ ಹೇಳಿದ. ಯಾರು ಹೇಳಿದರು ನೋಡಿ.

ಮುದಿ ಎಂಜಿನ್ ಆಯಿಲ್ ಕುಡಿಯುತ್ತದೆ. ನೀಲಿ ಹೊಗೆ ಎಂದರೆ ಅದೇ. ಮೊದಲು ಪ್ರತಿ ತಿಂಗಳೂ ಹೊಟ್ಟೆ ತುಂಬುತ್ತಿದ್ದುದರಿಂದ ಎಷ್ಟು ಕುಡಿಯುತ್ತದೆಂದು ಯಾರಿಗೂ ಗೊತ್ತಾಗಿರಲಿಲ್ಲ.

ಕಾಕಾನ ಮಗನಿಗೆ ಹೆಣ್ಣು ನೋಡಲು ಎರಡೂ ಮನೆಯವರು ಜೀಪಿನಲ್ಲಿ ಚಿಂಚೋಳಿಗೆ ಹೊರಟೆವು. ಅಪ್ಪ ನಡೆಸುತ್ತಿದ್ದ, ಪಕ್ಕದಲ್ಲಿ ಕಾಕಾ. ಹಿಂದೆ ನಾನು, ಅವ್ವ, ಕಾಕಾನ ಹೆಂಡತಿ ಕಾಕು, ಹೂವು ಹಣ್ಣಿನ ಬುಟ್ಟಿ. ಸುಲೇಪೇಟದಲ್ಲಿ ನಿಲ್ಲಿಸಿ ಭಜಿ ತಿಂದೆವು. ಊರು ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಎಂಜಿನ್ನಿನಲ್ಲಿ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಬಂತು. "ರಸ್ತಾನೇ ಹಂಗದ," ಎಂದ ಅಪ್ಪ. ಇನ್ನೊಂದಿಷ್ಟು ದೂರ ಹೋಗುವುದರೊಳಗೆ ಜೀಪು ಒಮ್ಮೆ ಕಿರುಚಿ ನಿಂತುಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಹೊಗೆ.

ಕಾಕಾ ಇಳಿದು ಬಾನೆಟ್ ಎತ್ತಿದ. ಕೈಗೆ ಟವೆಲ್ ಸುತ್ತಿಕೊಂಡು ಕಡ್ಡಿ ಎಳೆದ. ಕಡ್ಡಿ ಒಣಗಿತ್ತು, ತುದಿಗೆ ಒಂದಿಷ್ಟು ಕರಿ ಅಂಟು ಅಷ್ಟೇ.

"ನೀ ಬದಲಿ ಮಾಡ್ಸಿದ್ದಿಲ್ಲೇನು ತಮ್ಮಾ?" ಅಪ್ಪ ಬಹಳ ಮೆಲ್ಲಗೆ ಕೇಳಿದ.

"ನೀ ಮಾಡ್ಸಿರ್ತಿ ಅಂದ್ಕೊಂಡೆ ಅಣ್ಣಾ."

"ನಾ ನೀ ಮಾಡ್ಸಿರ್ತಿ ಅಂದ್ಕೊಂಡೆ."

ನಾನು ಹಿಂದಿನ ಸೀಟಿನಿಂದ ಬಗ್ಗಿ ನೋಡಿದೆ. ಈಗ ಶುರುವಾಗುತ್ತದೆ ಅಂದುಕೊಂಡೆ. ಆಗಲಿ, ಬೈದಾಡಲಿ, ಡಾಂಬರು ಗುಜರಿ ಎಲ್ಲ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. "ತಪ್ಪು ನಂದೇ," ಎಂದ ಅಪ್ಪ. "ಇಲ್ಲಣ್ಣಾ, ನಂದೇ," ಎಂದ ಕಾಕಾ. ಅಷ್ಟೇ. ರಸ್ತೆಯ ಬದಿಗೆ ತೊಗರಿ ಹೊಲದ ಬದುವಿನ ಮೇಲೆ ಇಬ್ಬರೂ ಪರಕೀಯರ ಹಾಗೆ ಮರ್ಯಾದೆಯಿಂದ ಕೂತರು. ನನಗೆ ಅಳು ಬಂತು. ಅವ್ವ, ಹೆಣ್ಣಿನ ಮನೆಯವರು ಏನಂದುಕೊಂಡಾರು ಎಂದು ನಾನು ಅಳುತ್ತಿದ್ದೇನೆಂದು ತಿಳಿದು ಸಮಾಧಾನ ಮಾಡಿದಳು. ಹೆಣ್ಣಿನ ಮನೆಯವರು ಏನೂ ಅಂದುಕೊಳ್ಳಲಿಲ್ಲ. ನಾವು ಬಸ್ಸು ಹಿಡಿದು ಚಿಂಚೋಳಿ ಮುಟ್ಟಿದೆವು, ಆ ಸಂಬಂಧವೇ ಕೂಡಿಬಂತು.

ಜೀಪು ಕೂಡಿಬರಲಿಲ್ಲ. ಒಳಗೆಲ್ಲ ಕಚ್ಚಿ ಹಿಡಿದು ಎಂಜಿನ್ ಜಾಮಾಗಿದೆ ಎಂದ ಮಿಸ್ತ್ರಿ. ಬಿಡಿಭಾಗ ಸಿಗುವುದಿಲ್ಲ, ಸಿಕ್ಕರೂ ಪ್ರಯೋಜನವಿಲ್ಲ ಎಂದ. ಈ ಸಲ ಅವನ ಮಾತನ್ನು ಅಪ್ಪ ಮೊದಲನೆಯ ಸಲಕ್ಕೇ ನಂಬಿದ. ಜೀಪು ಗುಜರಿಗೆ ಹೋಯಿತು. ಬಂದದ್ದನ್ನು ಇಬ್ಬರೂ ಸರಿಯಾಗಿ ಹಂಚಿಕೊಂಡರು, ತಕರಾರು ಇಲ್ಲದೆ.

ಮುಂದಿನ ಅಮಾವಾಸ್ಯೆಯ ದಿನ ಅವ್ವ ಪುಂಡಿಪಲ್ಲೆ ಮಾಡಿದಳು. ಅಪ್ಪ ಮುಂಜಾನೆಯೇ ಗಡ್ಡ ಮಾಡಿಕೊಂಡು ಹೊರಸಿನ ಮೇಲೆ ಪೇಪರು ಹಿಡಿದು ಕೂತ. ವಾಡಿಯ ಕಡೆಯಿಂದ ಬರುವ ಪ್ಯಾಸೆಂಜರ್ ರೈಲು ಬಂದು ಹೋದದ್ದು ಮನೆಗೆ ಕೇಳಿಸಿತು. ಸ್ವಲ್ಪ ಹೊತ್ತು ಕಾದು, "ಗಾಡೀನೇ ಇಲ್ಲ, ಯಾಕ ಬರ್ತಾನ?" ಎಂದು ಅಪ್ಪ ತನಗೆ ತಾನೇ ಹೇಳಿಕೊಂಡು ಅಂಗಡಿಗೆ ಹೋದ. ಕಾಕಾ ಬರಲಿಲ್ಲ. ಅದರ ಮುಂದಿನ ಅಮಾವಾಸ್ಯೆಗೂ ಬರಲಿಲ್ಲ. ಜಗಳವೇನೂ ಇರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಜಗಳವಿದ್ದರೆ ರಾಜಿ ಮಾಡಿಸಬಹುದು. ಬರಲು ಕಾರಣವೇ ಇಲ್ಲದವನನ್ನು ಏನು ಮಾಡುವುದು? ಮದುವೆ ಮುಂಜಿಗಳಲ್ಲಿ ಸಿಕ್ಕಾಗ "ಅರಾಮ?" "ಅರಾಮ" ಎಂದು ಹೇಳಿ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು. ವರ್ಷಗಳು ಹೀಗೇ ಹೋದವು. ನಾನು ಮದುವೆಯಾಗಿ ಅಪ್ಪನ ಮನೆಯ ಹಿಂದಿನ ಓಣಿಗೇ ಬಂದೆ. ಅಪ್ಪ ಅಂಗಡಿ ಬಿಟ್ಟ. ಈಗೀಗ ಅವನು ಯಾರ ಮೇಲೂ ಸಂಶಯಪಡುವುದಿಲ್ಲ. ಹಾಲಿನವನು ನೀರು ಬೆರೆಸಿದರೂ "ಇರ್ಲಿ ಬಿಡು" ಅನ್ನುತ್ತಾನೆ. ಅವ್ವನಿಗೆ ಅದೇ ಚಿಂತೆ. ನನಗೂ.

ಕಲೆ ಕಂಡ ದಿನ ಪೇಪರಿಗೆ ಹರಡಿದ ಆಯಿಲ್ ನೋಡುತ್ತ ಕೂತಿದ್ದೆನಲ್ಲ, ಅಲ್ಲಿಂದ ಎದ್ದು ಕಾಕಾನಿಗೆ ಫೋನ್ ಮಾಡಿದೆ. "ನನ್ನ ಗಾಡಿ ಹಳೇದಾಗ್ಯದ ಕಾಕಾ, ಆಯಿಲ್ ಸೋರ್ಲಿಕತ್ತದ. ಎಷ್ಟು ದಿನಕ್ಕೊಮ್ಮಿ ಬದಲಿ ಮಾಡ್ಬೇಕು?"

"ನಿಮ್ಮಪ್ಪಗ ಕೇಳವ್ವ. ಅವನಿಗಿ ಗೊತ್ತಿರ್ತದ," ಎಂದ ಕಾಕಾ. ಆ ಮೆತ್ತನೆಯ ದನಿ ಕೇಳಿ ನನಗೆ ತಡೆಯಲಾಗಲಿಲ್ಲ.

"ಕೇಳ್ದೆ. ಕಾಕಾಗ ಮಾತ್ರ ಕೇಳಬ್ಯಾಡ, ಜೀಪಿನ ಎಂಜಿನ್ ಕೊಂದವ ಅವನೇ ಅಂದ."

ಅಪ್ಪ ಹಾಗೆ ಅಂದಿರಲಿಲ್ಲ. ನಾನು ಅಪ್ಪನನ್ನು ಕೇಳಿಯೇ ಇರಲಿಲ್ಲ. "ಹಂಗಂದನಾ?" ಎಂದ ಕಾಕಾ. "ಹೂಂ," ಎಂದೆ. ಫೋನ್ ಕಟ್ಟಾಯಿತು. ಉಳಿದಿದ್ದ "ಅರಾಮ" ಎಂಬ ಒಂದು ಮಾತನ್ನೂ ನಾನೇ ಹಾಳುಮಾಡಿದೆನೇನೋ ಎಂದು ಆ ದಿನವೆಲ್ಲ ಪಾಠದಲ್ಲಿ ಲಕ್ಷ್ಯವಿರಲಿಲ್ಲ.

ಮರುದಿನ ಮುಂಜಾನೆಯ ಪ್ಯಾಸೆಂಜರಿಗೇ ಕಾಕಾ ಬಂದಿಳಿದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಚೀಲ ಕೆಳಗಿಡುವ ಮೊದಲೇ "ಬಾನೆಟ್ ತೆಗಿ" ಎಂದ. ಅವನ ದನಿ ಹಿಂದಿನ ಓಣಿಗೆ ಕೇಳಿರಬೇಕು, ಅಪ್ಪ ಲುಂಗಿಯಲ್ಲೇ ಬಂದು ನಿಂತ.

"ಎಂಜಿನ್ ನಾ ಕೊಂದೀನಿ ಅಂದ್ಯಂತ?" ಎಂದ ಕಾಕಾ.

ಅಪ್ಪ ತಮ್ಮನ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ಹುಟ್ಟಿದಾಗಿನಿಂದ ಕಂಡ ಆ ಸಂಶಯದ ನೋಟ, ಇಷ್ಟು ವರ್ಷಗಳ ಮೇಲೆ. ನನಗೆ ತಲೆಯೆತ್ತಿ ನೋಡಲಾಗಲಿಲ್ಲ. ಅಪ್ಪ ಲುಂಗಿ ಎತ್ತಿ ಕಟ್ಟಿದ.

"ಹೂಂ, ಅಂದೀನಿ," ಎಂದ. "ಈಗೇನು?"

ಅವತ್ತು ಊಟದ ತನಕ ಇಬ್ಬರೂ ನನ್ನ ಗಾಡಿಯ ಮುಂದೆಯೇ ಇದ್ದರು. ಕಡ್ಡಿ ಹೊರಗೆ ಬಂತು, ಒಳಗೆ ಹೋಯಿತು, ಮತ್ತೆ ಬಂತು. ಪೆಟ್ರೋಲ್ ಗಾಡಿಗೂ ಡೀಸೆಲ್ ಗಾಡಿಗೂ ಇರುವ ಫರಕು, ಕಲಬೆರಕೆ, ಎರಡೂ ಊರಿನ ಧೂಳು ಎಲ್ಲ ಬಂತು. ನನ್ನ ಪ್ರಶ್ನೆಗೆ ಉತ್ತರ ಮಾತ್ರ ಬರಲಿಲ್ಲ. ಗಂಡ ಬಾಗಿಲಲ್ಲಿ ನಿಂತು "ಜಗಳ ಬಿಡಿಸ್ಲೇನು?" ಎಂದು ಕೇಳಿದ. ಅವನ ಕೈ ಹಿಡಿದು ಒಳಗೆ ಎಳೆದುಕೊಂಡೆ.

ಸಂಜೆ ಸೇಡಂ ಸ್ಟೇಷನ್ನಿನಲ್ಲಿ ರೈಲು ಬರುವ ಹೊತ್ತಿಗೆ ಕಾಕಾ ನನ್ನನ್ನು ಹತ್ತಿರ ಕರೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅಮಾಸಿಗಿ ಬಂದು ನಾನೇ ಕಡ್ಡಿ ನೋಡ್ತೀನಿ. ಅಲ್ಲಿತನಕ ನಿಮ್ಮಪ್ಪಗ ಬಾನೆಟ್ ಮುಟ್ಟಾಕ ಕೊಡಬ್ಯಾಡ. ಅವನ ಮ್ಯಾಲ ನನಗ ಭರೋಸಾ ಇಲ್ಲ." ಅಪ್ಪ ಅವನ ಪಕ್ಕದಲ್ಲೇ, ಅವನ ಚೀಲ ಹಿಡಿದುಕೊಂಡು ನಿಂತಿದ್ದ.